ಗ್ರಂಥಾಲಯ ಕರದ ಲೆಕ್ಕ ಬೇಕೇ? ಆರ್‌ಟಿಐ ಅರ್ಜಿ ಹೀಗೆ ಬರೆಯಿರಿ

ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ, ಶಿಕ್ಷಣ, ಭಿಕ್ಷುಕರ ಕರಗಳ ಜೊತೆಯಲ್ಲೇ ಗ್ರಂಥಾಲಯ ಕರವೂ ಇರುತ್ತದೆ, ತೆರಿಗೆಯ ಮೇಲೆ ಶೇ 6. ಗ್ರಾಮ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅವುಗಳ ಹೆಸರು ಅರಿವು ಕೇಂದ್ರ. ನಿಮ್ಮೂರಿನ ಕೇಂದ್ರಕ್ಕೆ ದಿನಪತ್ರಿಕೆ ನಿಂತಿದ್ದರೆ, ಹೊಸ ಪುಸ್ತಕವೇ ಬಾರದಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ (ಆರ್‌ಟಿಐ) ಈ ಹಣದ ಲೆಕ್ಕ ಕೇಳಿ. ಕೇಳುವವರಿಗೇನೂ ಬರವಿಲ್ಲ, ಆದರೆ ಹೆಚ್ಚಿನ ಅರ್ಜಿಗಳು ಪ್ರಶ್ನೆ ಬರೆಯುವ ಹಂತದಲ್ಲೇ ಕೆಡುತ್ತವೆ.

1. ಇರುವುದನ್ನು ಮೊದಲು ನೋಡಿ. ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದ್ದರೆ ಮೇಲ್ವಿಚಾರಕರ ನೆರವು ಪಡೆದು ಪಂಚಾಯಿತಿ ಲೆಕ್ಕಪತ್ರಗಳಿರುವ ಪಂಚತಂತ್ರ, ಇ-ಗ್ರಾಮ್‌ಸ್ವರಾಜ್ ತಾಣಗಳನ್ನು ತೆರೆಯಿರಿ. ಅಲ್ಲಿ ಸಿಕ್ಕಿದ್ದಕ್ಕೆ ಅರ್ಜಿ ಬೇಡ.

2. ಪ್ರಶ್ನೆ ಬರೆಯುವುದು. ಅವಸರ ಮಾಡಬೇಡಿ. ‘ಗ್ರಂಥಾಲಯದ ದುಡ್ಡನ್ನು ಪುಸ್ತಕಕ್ಕೆ ಯಾಕೆ ಖರ್ಚು ಮಾಡಿಲ್ಲ?’ ಎಂದು ಬರೆದರೆ ‘ಇದು ಮಾಹಿತಿಯ ವ್ಯಾಪ್ತಿಗೆ ಬರುವುದಿಲ್ಲ’ ಎಂಬ ಒಂದೇ ಸಾಲಿನ ಹಿಂಬರಹ ಬರುತ್ತದೆ. ಕಾಯ್ದೆ ಕೊಡಿಸುವುದು ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು. ಅಧಿಕಾರಿ ಕಾರಣ ಹುಡುಕಿ ವಿವರಣೆ ಬರೆದುಕೊಡಬೇಕಿಲ್ಲ, ಹೊಸದಾಗಿ ಪಟ್ಟಿ ತಯಾರಿಸಬೇಕಾಗಿಯೂ ಇಲ್ಲ. ಆದ್ದರಿಂದ ‘ಯಾಕೆ’ ಬಿಟ್ಟುಬಿಡಿ, ದಾಖಲೆಯ ಹೆಸರು ಹಿಡಿದು ಕೇಳಿ:

‘1-4-2024ರಿಂದ 31-3-2025ರವರೆಗೆ ಈ ಪಂಚಾಯಿತಿಯ ಗ್ರಂಥಾಲಯ ಕರಕ್ಕೆ ಸಂಬಂಧಿಸಿದ ಕೆಳಗಿನ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: (ಅ) ಬೇಡಿಕೆ, ವಸೂಲಿ, ಬಾಕಿ ತಃಖ್ತೆ, (ಆ) ಈ ಹಣ ಜಮೆಯಾದ ಬ್ಯಾಂಕ್ ಖಾತೆಯ ಪಾಸ್‌ಬುಕ್ ಪುಟಗಳು, (ಇ) ಈ ಹಣದಿಂದ ಮಾಡಿದ ಪಾವತಿಗಳ ವೋಚರ್ ಮತ್ತು ಬಿಲ್.’

ತಾರೀಖು ಎರಡೂ ತುದಿಗೆ ಇರಲೇಬೇಕು. ‘ಇಲ್ಲಿಯವರೆಗಿನ ಎಲ್ಲ ದಾಖಲೆ’ ಎಂದರೆ ಸಾವಿರಾರು ಪುಟದ ಶುಲ್ಕ ಕಟ್ಟಿ ಎಂಬ ಪತ್ರ ಬರುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದ ಮಿತಿ. ಚರಂಡಿ ಕಾಮಗಾರಿಯನ್ನೂ ಇದರಲ್ಲೇ ತುರುಕಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಸಿಕ್ಕೀತು. ಆರೋಪ, ಸಿಟ್ಟು, ಹಳೆಯ ಜಗಳ ಒಂದಕ್ಷರವೂ ಬೇಡ. ಯಾಕೆ ಬೇಕು ಎಂದು ಹೇಳುವ ಅಗತ್ಯವಿಲ್ಲ, ಕಲಂ 6(2) ನಿಮ್ಮ ಕಡೆಗಿದೆ. ಆಧಾರ್ ಪ್ರತಿ ಲಗತ್ತಿಸಬೇಡಿ. ಸಂಘದ ಅಧ್ಯಕ್ಷ ಎಂದು ಸಹಿ ಹಾಕಬೇಡಿ, ಹಕ್ಕು ಇರುವುದು ನಾಗರಿಕರಿಗೆ. ನಿಮ್ಮ ಹೆಸರು, ವಿಳಾಸ ಸಾಕು.

ಕಡತ ದಪ್ಪ ಇದೆ ಎಂದು ಗೊತ್ತಿದ್ದರೆ ಪ್ರತಿಯ ಬದಲು ಕಡತ ಪರಿಶೀಲನೆಗೇ ಅವಕಾಶ ಕೇಳಿ. ಕೂತು ನೋಡಿ, ಬೇಕಾದ ಪುಟದ ಸಂಖ್ಯೆ ಬರೆದುಕೊಂಡು ಅಷ್ಟರದ್ದೇ ಪ್ರತಿ ಪಡೆಯಿರಿ. ಪ್ರತಿ ಕೇಳುವುದಕ್ಕಿಂತ ಇದೇ ಒಳ್ಳೆಯ ದಾರಿ.

3. ಶುಲ್ಕ, ಸಲ್ಲಿಕೆ. ಅರ್ಜಿಯ ನಮೂನೆ ‘ಎ’ ತುಂಬಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಕೊಡಿ, ಪಂಚಾಯಿತಿಯ ಸಾರ್ವಜನಿಕ ಮಾಹಿತಿ ಅಧಿಕಾರಿ ಅವರೇ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡಿನ ಪ್ರತಿ ಲಗತ್ತಿಸಿದರೆ ಅದೂ ಇಲ್ಲ. ನಗದು ಕಟ್ಟಿ ರಸೀದಿ ಪಡೆಯುವುದು ವಾಸಿ. ಪೋಸ್ಟಲ್ ಆರ್ಡರ್‌ನಲ್ಲಿ ಯಾರ ಹೆಸರು ಬರೆಯಬೇಕೆಂದು ಕೇಳದೆ ಬರೆದರೆ ಅದೊಂದೇ ನೆಪಕ್ಕೆ ಅರ್ಜಿ ವಾಪಸಾಗಬಹುದು. ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಖು, ಸಹಿ ಮೂರೂ ಬೀಳುವವರೆಗೆ ಕೌಂಟರ್ ಬಿಡಬೇಡಿ. ಮೊಹರು ಒತ್ತಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ. ನೂರಾರು ರೂಪಾಯಿ ಪಡೆದು ಆರ್‌ಟಿಐ ಹಾಕಿಕೊಡುವ ಖಾಸಗಿ ವೆಬ್‌ಸೈಟ್‌ಗಳ ಗೊಡವೆ ಬೇಡ: ಸಿದ್ಧ ನಮೂನೆಯ ಪ್ರಶ್ನೆಗಳು ನಿಮ್ಮ ಪಂಚಾಯಿತಿಯ ಕಡತಕ್ಕೆ ಹೊಂದುವುದಿಲ್ಲ.

4. ದಿನ ಎಣಿಸಿ. ಉತ್ತರಕ್ಕೆ 30 ದಿನ. ನಡುವೆ ಎ-4 ಪುಟಕ್ಕೆ 2 ರೂಪಾಯಿಯಂತೆ ಪ್ರತಿ ಶುಲ್ಕ ಕೇಳಿ ಪತ್ರ ಬಂದರೆ ಬೇಗ ಕಟ್ಟಿ, ಕಟ್ಟುವವರೆಗಿನ ದಿನಗಳು ಲೆಕ್ಕಕ್ಕೆ ಸೇರುವುದಿಲ್ಲ. 30 ದಿನ ಕಳೆದ ಮೇಲೆ ಕೇಳಿದರೆ ಕಟ್ಟಬೇಕಿಲ್ಲ. ಕಲಂ 7(6)ರಂತೆ ಉಚಿತವಾಗಿ ಕೊಡಬೇಕು. ದಾಖಲೆ ಬೇರೆ ಕಚೇರಿಯಲ್ಲಿದೆ ಎಂದರೆ 5 ದಿನದೊಳಗೆ ಅವರೇ ಅರ್ಜಿಯನ್ನು ಅಲ್ಲಿಗೆ ಕಳಿಸಬೇಕು, ನಿಮ್ಮನ್ನು ಅಲೆಸುವಂತಿಲ್ಲ.

5. ಉತ್ತರ ಬಾರದಿದ್ದರೆ ಅಥವಾ ಅರೆಬರೆ ಬಂದರೆ 30 ದಿನದೊಳಗೆ ತಾಲ್ಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ ಸಲ್ಲಿಸಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ. ಸಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250ರಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕಬಹುದು.

6. ಸಿಕ್ಕ ಪ್ರತಿಗಳನ್ನು ಬೀರುವಿನಲ್ಲಿಡಬೇಡಿ. ಒಂದು ಜೆರಾಕ್ಸ್ ಸೆಟ್ ಮಾಡಿ, ಖಾಸಗಿಯವರ ಮೊಬೈಲ್ ಮತ್ತು ಖಾತೆ ಸಂಖ್ಯೆ ಇದ್ದರೆ ಮಸಿ ಬಳಿದು ಮುಚ್ಚಿ, ಅದನ್ನೇ ಮತ್ತೊಮ್ಮೆ ಜೆರಾಕ್ಸ್ ಮಾಡಿ. ಮಸಿಯ ಹಾಳೆಯನ್ನು ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಆರ್ಥಿಕ ವರ್ಷ, ವಿಷಯ ಬರೆದ ಫೈಲಿಗೆ ಹಾಕಿ ಅರಿವು ಕೇಂದ್ರದ ಮೇಲ್ವಿಚಾರಕರಿಗೆ ಒಪ್ಪಿಸಿ, ಪತ್ರಿಕೆಗಳ ಮೇಜಿನ ಮೇಲೆ ಇಡಲು ಹೇಳಿ. ಮುಂದಿನ ಗ್ರಾಮಸಭೆಗೆ ಹೊರಡುವ ಮೊದಲು ಊರಿನವರು ಅದನ್ನು ಅಲ್ಲೇ ಕೂತು ಓದಬಹುದು.