ಒಂದು ಮಾಡದಲ್ಲಿ ಗಾಳದ ಸಾಮಾನೆಲ್ಲ

ಗಂಗಾವತಿಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಅವ್ವ, ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು. ಮಂಚದ ಕೆಳಗೆ ಅಕ್ಕಿ ಚೀಲ, ಜೋಳದ ಚೀಲ. ಅಟ್ಟದ ಮೇಲೆ ಹಾಸಿಗೆ, ಹಬ್ಬದ ಪಾತ್ರೆ. ನನ್ನ ಗಾಳದ ಸಾಮಾನಿಗೆ ಅಂತ ಉಳಿದದ್ದು ಗೋಡೆಯೊಳಗಿನ ಒಂದು ಮಾಡ, ಬಾಗಿಲ ಮೇಲಿನ ಎರಡು ಮೊಳೆ. ಮಾಡ ಒಂದೂವರೆ ಅಡಿ ಅಗಲ, ಒಂದಡಿ ಎತ್ತರ, ಒಂದು ಗೇಣು ಆಳ. ಈಗ ನನ್ನ ಹತ್ತಿರ ಇರುವುದೆಲ್ಲ ಅಷ್ಟರಲ್ಲೇ ಕೂತಿದೆ. ಅದನ್ನು ಹೇಗೆ ಕೂರಿಸಿದೆ ಅನ್ನುವುದನ್ನು ಬರೆಯುತ್ತಿದ್ದೇನೆ, ಯಾಕೆಂದರೆ ಇದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು, ಒಂದು ಪೆಟ್ಟೂ ಬಿತ್ತು.

ಮೊದಲು ಎಲ್ಲವೂ ಇಪ್ಪತ್ತು ಲೀಟರಿನ ಪೇಂಟ್ ಬಕೆಟ್ಟಿನಲ್ಲಿತ್ತು. ಕೋಲುಗಳು ಬಾಗಿಲ ಹಿಂದೆ. ಬೆಳಿಗ್ಗೆ ಐದಕ್ಕೆ ಎದ್ದು ಹೊರಡುವಾಗ ಮಕ್ಕಳು ಮಲಗಿರುತ್ತಾರೆ, ಲೈಟು ಹಾಕುವಂತಿಲ್ಲ. ಕತ್ತಲಲ್ಲೇ ಬಕೆಟ್ಟಿಗೆ ಕೈ ಹಾಕಿದರೆ ಒಂದು ಗಾಳ ಎಳೆದರೆ ಹತ್ತು ಬರುತ್ತಿದ್ದವು, ದಾರ ದಾರಕ್ಕೆ ಸಿಕ್ಕಿಕೊಂಡು. ಒಂದು ಸಲ ಬಾಗಿಲು ಮುಚ್ಚುವಾಗ ಕೋಲಿನ ತುದಿ ಸಂದಿಗೆ ಸಿಕ್ಕು ಮುರಿಯಿತು. ಅದನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದ್ದು ಆಮೇಲೆ ಆಯಿತು. ಬಕೆಟ್ಟಿನಿಂದ ಜಾರಿ ಬಿದ್ದಿದ್ದ ಮೂರು ಮೊನೆಯ ಗಾಳವೊಂದು ಚಾಪೆಯ ಅಂಚಿನಲ್ಲಿತ್ತು, ನನ್ನ ಮಗಳು ಅದನ್ನು ತುಳಿದಳು. ಗಾಳದ ಮೊನೆಗೆ ಹಿಂದುಮುಂದಾದ ಮುಳ್ಳು ಇರುತ್ತದೆ, ಮೀನು ಬಿಡಿಸಿಕೊಳ್ಳದಿರಲಿ ಅಂತ. ಆ ಮುಳ್ಳು ಮಗುವಿನ ಪಾದಕ್ಕೂ ಅದೇ ಕೆಲಸ ಮಾಡುತ್ತದೆ. ಎಳೆಯಲಿಲ್ಲ, ಎಳೆಯಬಾರದು ಅಂತ ಗೊತ್ತಿತ್ತು. ಹಾಗೇ ಎತ್ತಿಕೊಂಡು ದವಾಖಾನೆಗೆ ಓಡಿದೆ. ಮರಗಟ್ಟುವ ಸೂಜಿ ಕೊಟ್ಟು, ಮೊನೆಯನ್ನು ಇನ್ನೊಂದು ಕಡೆಯಿಂದ ಹೊರಗೆ ತಂದು, ಮುಳ್ಳು ಕತ್ತರಿಸಿ ತೆಗೆದರು. ಧನುರ್ವಾಯು ಆಗದಿರಲಿ ಅಂತ ಇನ್ನೊಂದು ಸೂಜಿ. ಮನೆಗೆ ಬಂದ ಮೇಲೆ ಅವ್ವ ಒಂದೇ ಮಾತು ಅಂದಳು: "ಮನ್ಯಾಗ ಕೂಸು ಆಡ್ತಾವಪ್ಪ. ಇದಕ್ಕೊಂದು ನೆಲಿ ಮಾಡು, ಇಲ್ಲಂದ್ರ ಬಿಟ್ಟುಬಿಡು."

ಬಿಡುವ ಮನಸ್ಸು ಇರಲಿಲ್ಲ. ನೆಲೆ ಮಾಡಲು ಪುರುಸೊತ್ತು ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಹರಿದು ಕೊಚ್ಚಿಕೊಂಡು ಹೋಯಿತಲ್ಲ, ಆ ದಿನಗಳು. ಹೊಳೆ ಕಡೆ ಯಾರೂ ಸುಳಿಯಬೇಡಿ ಅಂತ ಡಂಗುರ. ತುಂಬಿದ ಡ್ಯಾಮು ಕಣ್ಣೆದುರೇ ಖಾಲಿಯಾಗುತ್ತಿದೆ, ಭತ್ತಕ್ಕೆ ನೀರು ಸಿಗುತ್ತದೋ ಇಲ್ಲವೋ ಅಂತ ಊರಿಗೆ ಊರೇ ಕಂಗಾಲು. ಅಂಥ ಹೊತ್ತಿನಲ್ಲಿ ಗಾಳ ಹಿಡಿದು ಹೊರಡುವ ಮಾತೆಲ್ಲಿ? ಸಂಜೆ ಮಿಲ್ಲಿನಿಂದ ಬಂದು, ಹಳೆಯ ದುಪ್ಪಟಿ ಹಾಸಿ ಬಕೆಟ್ಟನ್ನು ಅದರ ಮೇಲೆ ಸುರಿದೆ.

ಶುರುವಿನಲ್ಲಿ ನಾನು ಮಾಡಿದ ವಿಂಗಡಣೆ ತಪ್ಪಾಯಿತು. ಅದನ್ನು ಮೊದಲು ಹೇಳುತ್ತೇನೆ, ಬಹಳ ಜನ ಹಾಗೇ ಮಾಡುತ್ತಾರೆ. ಗಾಳಗಳೆಲ್ಲ ಒಂದು ಡಬ್ಬಿ, ಸೀಸದ ಗುಂಡುಗಳೆಲ್ಲ ಒಂದು ಡಬ್ಬಿ, ನೀರ ಮೇಲೆ ತೇಲುವ ಬೆಂಡುಗಳು ಒಂದರಲ್ಲಿ, ದಾರ ಮುರಿಗೊಳ್ಳದಂತೆ ತಿರುಗುವ ಪುಟ್ಟ ಕೊಂಡಿ, ಅಂದರೆ ಸ್ವಿವೆಲ್, ಒಂದರಲ್ಲಿ. ನೋಡಲು ಚೆಂದ. ಹೊರಡುವ ದಿನ ಮಾತ್ರ ಎಲ್ಲ ಡಬ್ಬಿಯನ್ನೂ ತೆರೆದು ಒಂದೊಂದು ಚಿಟಿಕೆ ತೆಗೆಯಬೇಕು. ಏನಾದರೂ ಮರೆತೇ ಮರೆಯುತ್ತದೆ. ಮರೆಯಬಾರದು ಅಂತ ಎಲ್ಲ ಡಬ್ಬಿಯನ್ನೂ ಹೊತ್ತುಕೊಂಡು ಹೋದರೆ ಬಕೆಟ್ಟೇ ವಾಸಿ. ಎರಡು ಸಲ ಕಾಲುವೆ ದಂಡೆಯಲ್ಲಿ ಕೂತು ನೋಡಿದಾಗ ಸೀಸವೇ ಇರಲಿಲ್ಲ.

ನಾನು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಮಿಲ್ಲಿನಲ್ಲಿ ನಾವು ನಟ್ಟು ಬಿಚ್ಚುವ ಪಾನೆಗಳನ್ನೆಲ್ಲ ಒಂದೇ ಕಡೆ ರಾಶಿ ಹಾಕುವುದಿಲ್ಲ. ಬೆಲ್ಟ್ ಬದಲಿಸುವ ಕೆಲಸಕ್ಕೆ ಒಂದು ಚೀಲ, ಬೇರಿಂಗ್ ಕೆಲಸಕ್ಕೆ ಒಂದು ಚೀಲ. ಹದಿನೇಳರ ಪಾನೆ ಎರಡರಲ್ಲೂ ಬೇಕು ಅಂದರೆ ಎರಡರಲ್ಲೂ ಒಂದೊಂದು ಇರುತ್ತದೆ. ಮಿಷನ್ ನಿಂತಾಗ ಚೀಲ ಎತ್ತಿಕೊಂಡು ಓಡುವುದಷ್ಟೇ. ದಿನಾ ಮಾಡುವ ಈ ಕೆಲಸ ನನ್ನ ಗಾಳದ ಸಾಮಾನಿಗೂ ಒಪ್ಪುತ್ತದೆ ಅಂತ ಹೊಳೆದ ಕೂಡಲೇ ಡಬ್ಬಿಗಳನ್ನೆಲ್ಲ ಮತ್ತೆ ದುಪ್ಪಟಿಗೆ ಸುರಿದೆ. ಈ ಸಲ ಜಾತಿ ನೋಡಿ ಗುಂಪು ಮಾಡಲಿಲ್ಲ. ಎಲ್ಲಿಗೆ ಹೋಗುತ್ತೇನೆ, ಯಾವ ಮೀನಿಗೆ ಹೋಗುತ್ತೇನೆ ಅಂತ ನೋಡಿ ಮಾಡಿದೆ.

ನಾನು ಹೋಗುವುದು ಮೂರೇ ಕಡೆ. ಎಡದಂಡೆ ಕಾಲುವೆಯ ತೂಬುಗಳ ಹತ್ತಿರ ಜಿಲೇಬಿ ಮೀನು, ಗೆಂಡೆ ಮೀನು. ಹೊಲದ ಬದಿಯ ಹಳ್ಳ, ಆಪು ಬೆಳೆದ ಗುಂಡಿಗಳಲ್ಲಿ ಕೊರಮೀನು. ಅಪರೂಪಕ್ಕೆ ಕೆರೆ, ಅಲ್ಲಿ ಪರವಾನಗಿ ಇದ್ದವರನ್ನು ಕೇಳಿಕೊಂಡು ರೋಹು, ಕಾಟ್ಲಾಕ್ಕೆ ಕೂರುವುದು. ಅಂದರೆ ಮೂರು ಚೀಲ ಸಾಕು. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಪೆನ್ಸಿಲ್ ಪೌಚ್ ಸಿಗುತ್ತದಲ್ಲ, ಒಳಗಿನದು ಕಾಣುವಂಥದ್ದು, ಜಿಪ್ ಇರುವಂಥದ್ದು, ಅಂಥ ಮೂರು ತಂದೆ. ಬಣ್ಣ ಬೇರೆ ಬೇರೆ ಇರಲಿಲ್ಲ. ಜಿಪ್ಪಿಗೆ ದಾರ ಕಟ್ಟಿ ಗಂಟು ಹಾಕಿದೆ: ಕಾಲುವೆಗೆ ಒಂದು ಗಂಟು, ಕೊರಮೀನಿಗೆ ಎರಡು, ಕೆರೆಗೆ ಮೂರು. ಕತ್ತಲಲ್ಲಿ ಬೆರಳಿಗೇ ಗೊತ್ತಾಗುತ್ತದೆ.

ಚೀಲಕ್ಕೆ ಹಾಕುವ ಮೊದಲು ಕೈ ಬಿಡುವ ಕೆಲಸ. ಒಂದು ವರ್ಷದಿಂದ ಮುಟ್ಟದ್ದೆಲ್ಲ ಬೇರೆ ಮಾಡಿದೆ. ತುಕ್ಕು ಹಿಡಿದ ಗಾಳಗಳನ್ನು ಪ್ಲಾಸ್ಟಿಕ್ ಬಾಟಲಿಗೆ ತುಂಬಿ ಮುಚ್ಚಳ ಬಿಗಿದೆ, ಬರಿದೇ ಕಸಕ್ಕೆ ಹಾಕಿದರೆ ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಒಳ್ಳೆಯ ಸ್ಥಿತಿಯಲ್ಲಿದ್ದ ದೊಡ್ಡ ಗಾಳಗಳನ್ನು ಆನೆಗೊಂದಿ ಕಡೆಯ ಅಂಬಿಗರ ಕಾಕಾನಿಗೆ ಕೊಟ್ಟೆ. ಬಾಳೆಮೀನಿಗೆ ಅಂತ ಎಂದೋ ಕೊಂಡದ್ದು, ನಾನು ಒಂದು ಸಲವೂ ಕಟ್ಟಿರಲಿಲ್ಲ. ಗಾಳದ ನಂಬರು ಗೊತ್ತಿಲ್ಲದೆ ಸಿಕ್ಕಿದ್ದೆಲ್ಲ ಕೊಳ್ಳುವುದರಿಂದಲೇ ಅರ್ಧ ರಾಶಿ ಬೆಳೆಯುತ್ತದೆ. ಬರೀ ಅಂಕಿಯಾದರೆ ಅಂಕಿ ಏರಿದಷ್ಟೂ ಗಾಳ ಸಣ್ಣದು. ಅಂಕಿ ಆದಮೇಲೆ ಗೀಟು ಹಾಕಿ ಸೊನ್ನೆ ಬರೆದಿದ್ದರೆ (1/0, 2/0 ಅಂತ) ಅಂಕಿ ಏರಿದಷ್ಟೂ ದೊಡ್ಡದು. ನನಗೆ ಕಾಲುವೆಗೆ 8 ಮತ್ತು 10, ಕೆರೆಗೆ 4 ಮತ್ತು 6. ಇಷ್ಟೇ ಇಟ್ಟುಕೊಂಡೆ.

ಕಾಕಾನಿಂದ ಬಂದದ್ದು ಅದಕ್ಕಿಂತ ದೊಡ್ಡದು. ಅವರ ಹರಿಗೋಲಿನಲ್ಲಿ ಕೂರಲೇ ಜಾಗವಿಲ್ಲ, ಸಾಮಾನಿಗೆ ಎಲ್ಲಿಂದ ಬರಬೇಕು? ಸವೆದ ಹವಾಯಿ ಚಪ್ಪಲಿಯ ಅಟ್ಟೆಯನ್ನು ಉದ್ದಕ್ಕೆ ಕೊಯ್ದು ಅದಕ್ಕೇ ಗಾಳ ಚುಚ್ಚಿ ಇಟ್ಟುಕೊಳ್ಳುತ್ತಾರೆ. "ಮನ್ಯಾಗ ಕುಂತು ಕಟ್ಕೊಂಡು ಬಾರೋ ತಮ್ಮಾ, ನೀರಿಗೆ ಬಂದ್ಮ್ಯಾಲ ಗಂಟು ಹಾಕಾಕ ಕುಂದ್ರಬಾರ್ದು" ಅಂದರು. ನಾನು ಅದನ್ನು ಹೀಗೆ ಮಾಡಿಕೊಂಡಿದ್ದೇನೆ. ಅಟ್ಟೆಯಿಂದ ನಾಲ್ಕು ಬೆರಳು ಉದ್ದ, ಎರಡು ಬೆರಳು ಅಗಲದ ಪಟ್ಟಿ. ಎರಡೂ ಅಗಲದ ತುದಿಗೆ ಬ್ಲೇಡಿನಿಂದ ಆರಾರು ಸಣ್ಣ ಸೀಳು. ಒಂದು ಮೊಳ ನೈಲಾನ್ ದಾರಕ್ಕೆ ಗಾಳ ಕಟ್ಟಿ, ಇನ್ನೊಂದು ತುದಿಗೆ ಕುಣಿಕೆ ಹಾಕಿ, ಗಾಳದ ಮೊನೆಯನ್ನು ಅಟ್ಟೆಯೊಳಗೆ ಒತ್ತಿ, ದಾರವನ್ನು ಸೀಳಿನಿಂದ ಸೀಳಿಗೆ ಸುತ್ತಿ ಕುಣಿಕೆಯನ್ನು ಕೊನೆಯ ಸೀಳಿಗೆ ಸಿಕ್ಕಿಸುತ್ತೇನೆ. ಒಂದು ಪಟ್ಟಿಗೆ ಆರು ಗಾಳ. ಮೊನೆ ಹೊರಗೆ ಕಾಣುವುದಿಲ್ಲ, ದಾರ ಸಿಕ್ಕಾಗುವುದಿಲ್ಲ, ನೀರಿನ ಹತ್ತಿರ ಕುಣಿಕೆಯನ್ನು ಸ್ವಿವೆಲ್‌ಗೆ ಹಾಕಿದರೆ ಮುಗಿಯಿತು. ಪಟ್ಟಿಯ ದಪ್ಪ ಅರ್ಧ ಇಂಚೂ ಇಲ್ಲ. ಮೊದಲು ಗಾಳಗಳು ತುಂಬಿಕೊಂಡಿದ್ದ ಎರಡು ಡಬ್ಬಿಗಳ ಜಾಗ ಇದೊಂದರಿಂದಲೇ ಉಳಿಯಿತು.

ಸ್ವಿವೆಲ್‌ಗಳು ಪಿನ್ನಿಗೆ ಪೋಣಿಸಿವೆ, ಚೀಲಕ್ಕೊಂದು ಪಿನ್ನು. ಬೆಂಡಿಗೆ ಅಂಗಡಿಯದು ಬಿಟ್ಟೇಬಿಟ್ಟೆ. ಜೋಳದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಬೆಂಡು ಸಿಗುತ್ತದೆ, ಅದನ್ನೇ ಕಿರುಬೆರಳಷ್ಟು ಕತ್ತರಿಸಿ ಕಟ್ಟುತ್ತೇನೆ. ನಮ್ಮ ಕಡೆ ದಂಟಿಗೆ ಬರವಿಲ್ಲ, ಮುರಿದರೆ ಇನ್ನೊಂದು.

ಸೀಸದ ವಿಷಯ ಮಾತ್ರ ಸ್ವಲ್ಪ ನಿಂತು ಹೇಳಬೇಕು. ಸೀಳಿದ ಗುಂಡನ್ನು ದಾರಕ್ಕೆ ಹಾಕಿ ಹಲ್ಲಿನಿಂದ ಕಚ್ಚಿ ಬಿಗಿಯುವವರನ್ನು ದಂಡೆಯಲ್ಲಿ ಎಷ್ಟೋ ಜನ ನೋಡಿದ್ದೇನೆ, ನಾನೂ ಕಚ್ಚಿದ್ದೇನೆ. ಸೀಸ ವಿಷ. ಮಕ್ಕಳ ಮೆದುಳಿಗೆ ಇನ್ನೂ ಕೆಟ್ಟದ್ದು. ಈಗ ಗುಂಡುಗಳು ಹಳೆಯ ಮುಲಾಮಿನ ಡಬ್ಬಿಯಲ್ಲಿ, ಮೇಲೆ ಬಟ್ಟೆಯ ಚೂರು ಒತ್ತಿ, ಮುಚ್ಚಳಕ್ಕೆ ಟೇಪು ಸುತ್ತಿ ಇವೆ. ಜೊತೆಗೆ ಸಣ್ಣ ಇಕ್ಕಳ. ಮುಟ್ಟಿದ ಕೈಯನ್ನು ಸಾಬೂನಿನಲ್ಲಿ ತೊಳೆಯದೆ ಬುತ್ತಿ ಬಿಚ್ಚುವುದಿಲ್ಲ.

ಕೊರಮೀನಿನ ಚೀಲದ್ದು ಬೇರೆಯೇ ಕಥೆ. ಅದಕ್ಕೆ ರಬ್ಬರಿನಂಥ ಮೆತ್ತನೆ ಕಪ್ಪೆ ಬೊಂಬೆ ಬೇಕು, ಆಪಿನ ಮೇಲೆ ಎಳೆದುಕೊಂಡು ಬರಲು. ಒಂದು ಬೇಸಿಗೆಯಲ್ಲಿ ನಾಲ್ಕು ಕಪ್ಪೆಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಟ್ಟಿಗೆ ಇಟ್ಟಿದ್ದೆ. ನಮ್ಮ ಕಡೆಯ ಏಪ್ರಿಲ್, ಮೇ ಬಿಸಿಲು ಗೊತ್ತಲ್ಲ, ತಗಡಿನ ಮನೆ ಒಲೆಯಾಗುತ್ತದೆ. ತೆರೆದು ನೋಡಿದರೆ ಕಪ್ಪೆಗಳು ಒಂದಕ್ಕೊಂದು ಅಂಟಿ, ಹಸಿರು ಹಳದಿಗೆ ಇಳಿದು, ಡಬ್ಬಿಯ ತಳವೂ ಕರಗಿದಂತೆ ಜಿಗುಟಾಗಿತ್ತು. ಮೆತ್ತನೆ ಪ್ಲಾಸ್ಟಿಕ್‌ಗೆ ಮೆತುತನ ಕೊಡಲು ಬೆರೆಸಿದ ಎಣ್ಣೆಯಂಥ ದ್ರವ್ಯ ಹೊರಬಂದು ಕೆಲವು ಗಟ್ಟಿ ಪ್ಲಾಸ್ಟಿಕ್‌ಗಳನ್ನು, ಥರ್ಮಾಕೋಲನ್ನು ತಿಂದುಹಾಕುತ್ತದೆ. ಅದಕ್ಕೇ ಈಗ ಒಂದೊಂದು ಕಪ್ಪೆ ಒಂದೊಂದು ಜಿಪ್ ಕವರಿನಲ್ಲಿ, ಒಂದರ ಮೈ ಇನ್ನೊಂದಕ್ಕೆ ತಾಗದಂತೆ. ಗಾಳದ ಮೊನೆಗಳಿಗೆ ಸೈಕಲ್ ವಾಲ್ ಟ್ಯೂಬಿನ, ಅಂದರೆ ತೆಳ್ಳನೆಯ ರಬ್ಬರ್ ಕೊಳವೆಯ, ಚೂರು ತೊಡಿಸುತ್ತೇನೆ. ಸೈಕಲ್ ಅಂಗಡಿಯಲ್ಲಿ ಒಂದು ಗೇಣು ತಂದರೆ ಮನೆಯಲ್ಲಿರುವ ಎಲ್ಲ ಮೊನೆಗೂ ಆಗುತ್ತದೆ. ಮೂರು ಮೊನೆಯ ಗಾಳಕ್ಕೆ ಮೂರು ಚೂರು, ಒಂದನ್ನೂ ಬಿಡುವುದಿಲ್ಲ. ಟ್ಯೂಬು ತೊಡಿಸದ ಗಾಳ ಮನೆಯೊಳಗೆ ಬರಬಾರದು ಅನ್ನುವುದು ಮಗಳಿಗೆ ನಾನು ಕೊಟ್ಟ ಮಾತು.

ತುಕ್ಕಿಗೆ ಏನೇನೋ ಮಾಡಿದೆ. ಭತ್ತದ ಊರಲ್ಲಿದ್ದೇವೆ ಅಂತ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಇಟ್ಟೆ, ಎರಡೇ ತಿಂಗಳಿಗೆ ಅಕ್ಕಿಗೆ ಹುಳ ಬಿತ್ತು. ಹೊಸ ಚಪ್ಪಲಿ, ಬೂಟಿನ ಡಬ್ಬದಲ್ಲಿ ಬರುವ ಸಿಲಿಕಾದ ಪುಟ್ಟ ಪೊಟ್ಟಣವೇ ಸರಿ. ಆದರೆ ಪೊಟ್ಟಣಕ್ಕಿಂತ ಮುಖ್ಯ ಒದ್ದೆಯದನ್ನು ಒಳಗೆ ಹಾಕದಿರುವುದು. ಒಂದು ಒದ್ದೆ ಗಾಳ ಸಾಕು, ಪಟ್ಟಿಯಲ್ಲಿರುವ ಉಳಿದ ಐದನ್ನೂ ಕೆಡಿಸುತ್ತದೆ. ಬಳಸಿದ್ದನ್ನು ಬೇರೆ ಪಟ್ಟಿಗೆ ಚುಚ್ಚಿಕೊಂಡು ಬಂದು, ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ, ಮರುದಿನ ಮಿಲ್ಲಿಗೆ ಹೋಗುವ ಮುಂಚೆ ಒಳಗೆ ಸೇರಿಸುತ್ತೇನೆ.

ಕೋಲಿಗೆ ಬಂದರೆ, ಮೂರರಲ್ಲಿ ಎರಡನ್ನು ಕೊಟ್ಟುಬಿಟ್ಟೆ. ಉಳಿದದ್ದು ಒಂದರೊಳಗೊಂದು ಸೇರುವ ಏಳು ಅಡಿಯ ಕೋಲು, ಮಡಚಿದರೆ ಎರಡು ಅಡಿಯೊಳಗೆ ಬರುತ್ತದೆ. ಎರಡೂವರೆ ಇಂಚಿನ ಪಿವಿಸಿ ಪೈಪಿನ ತುಂಡಿಗೆ ಒಂದು ಕಡೆ ಕ್ಯಾಪು ಬಡಿದು, ಇನ್ನೊಂದು ಕಡೆ ಬಟ್ಟೆಯ ಉಂಡೆ ತುರುಕಿ, ಬಾಗಿಲ ಮೇಲೆ ಎರಡು ಮೊಳೆಯ ನಡುವೆ ಅಡ್ಡ ಮಲಗಿಸಿದ್ದೇನೆ. ಒಳಗೆ ತಳ್ಳುವ ಮೊದಲು ಕೋಲಿನ ಒಂದೊಂದು ತುಂಡನ್ನೂ ಒಣಬಟ್ಟೆಯಿಂದ ಒರೆಸಬೇಕು. ಕಾಲುವೆಯ ಮರಳು ಕಣ ಕೀಲಿಗೆ ಸಿಕ್ಕರೆ ಮುಂದಿನ ಸಲ ಕೋಲು ಬಿಚ್ಚುವುದೂ ಇಲ್ಲ, ಮಡಚುವುದೂ ಇಲ್ಲ. ರೀಲನ್ನು ಬಿಚ್ಚಿ, ದಾರದ ಬಿಗಿತ ಹಿಡಿಯುವ ಡ್ರ್ಯಾಗ್ ತಿರುಪು ಸಡಿಲ ಮಾಡಿ, ಮಗನ ಹಳೆಯ ಸಾಕ್ಸಿನಲ್ಲಿ ಹಾಕಿ ಮಾಡದ ಹಿಂಬದಿಗೆ ಇಡುತ್ತೇನೆ. ಬಿಗಿದೇ ಇಟ್ಟರೆ ಒಳಗಿನ ಬಿಲ್ಲೆಗಳು ಒತ್ತಿಕೊಂಡು ಕೂತು ಹಿಡಿತ ಕೆಡುತ್ತದೆ. ದಾರದ ಉಂಡೆ ಕಿಟಕಿಯ ಹತ್ತಿರ ಬೇಡವೇ ಬೇಡ. ಬಿಸಿಲು ಕುಡಿದ ನೈಲಾನ್ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ, ಮೀನು ಬಿದ್ದಾಗ ಪಟ್ಟನೆ ತುಂಡಾಗುತ್ತದೆ. ಕೈಗೆ ಬಂದಿದ್ದ ಒಳ್ಳೆಯ ರೋಹು ಹಾಗೆ ಹೋಗಿದೆ ನನ್ನದು, ಬಾಯಲ್ಲಿ ಗಾಳ ಇಟ್ಟುಕೊಂಡು. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಎರೆಯನ್ನು ಈ ಮಾಡಕ್ಕೆ ಸೇರಿಸಿಲ್ಲ. ಶೇಂಗಾ ಹಿಂಡಿ ಒಂದು ರಾತ್ರಿ ಒಳಗಿದ್ದರೆ ಇರುವೆ ಸಾಲು ಹಿಡಿಯುತ್ತದೆ. ಹಿಂಡಿ, ಹಿಟ್ಟು ಹೊರಡುವ ಹೊತ್ತಿಗೆ ಕಲಸುತ್ತೇನೆ. ಎರೆಹುಳು ಹಸಿ ಮಣ್ಣಿನ ಡಬ್ಬಿಯಲ್ಲಿ ಬಚ್ಚಲ ಹೊರಗೆ.

ಮೂರು ಚೀಲದಲ್ಲೂ ಖಾಲಿ ಮಾತ್ರೆ ಡಬ್ಬಿಯೊಂದಿದೆ. ತುಂಡಾದ ದಾರ, ಸಿಕ್ಕಾಗಿ ಕತ್ತರಿಸಿದ ದಾರ ಎಲ್ಲ ಅದರೊಳಗೆ ಮನೆಗೆ ವಾಪಸ್. ನಮ್ಮ ಹೊಳೆಯಲ್ಲಿ ನೀರುನಾಯಿಗಳಿವೆ. ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿ ನಾನು ಗಾಳ ಹಾಕುವುದಿಲ್ಲ, ಆದರೆ ಕಾಲುವೆಗೂ ಹಳ್ಳಕ್ಕೂ ಬಿಟ್ಟ ದಾರ ಎಲ್ಲಿ ಹೋಗಿ ಯಾವ ಪ್ರಾಣಿಯ ಕಾಲಿಗೆ ಸುತ್ತುತ್ತದೋ ಯಾರು ಬಲ್ಲರು. ಬೆಳ್ಳಕ್ಕಿಯೊಂದು ಕಾಲಿಗೆ ದಾರ ಸುತ್ತಿಕೊಂಡು ಭತ್ತದ ಗದ್ದೆಯಲ್ಲಿ ಕುಂಟುತ್ತಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ, ಹಿಡಿಯಲು ಹೋದರೆ ಹಾರಿತು.

ಈಗ ನಸುಕಿನಲ್ಲಿ ಎದ್ದು ಮಾಡದ ಪುಟ್ಟ ಬಾಗಿಲು ತೆರೆದು ಗಂಟು ಮುಟ್ಟಿ ನೋಡಿ ಒಂದು ಚೀಲ ತೆಗೆದು, ಪೈಪು ಇಳಿಸಿಕೊಂಡು, ಗಾಡಿಯ ಬದಿಚೀಲಕ್ಕೆ ಹಾಕುತ್ತೇನೆ. ಯಾರಿಗೂ ಎಚ್ಚರವಾಗುವುದಿಲ್ಲ. ಭಾನುವಾರ ರಾತ್ರಿ ಚೀಲ ತೆರೆದು ಕಡಿಮೆಯಾದದ್ದನ್ನು ತುಂಬುವ ಕೆಲಸಕ್ಕೆ ಮಗಳೇ ಬಂದು ಕೂರುತ್ತಾಳೆ. ಗಾಳ ಮುಟ್ಟಲು ಬಿಡುವುದಿಲ್ಲ, ಸ್ವಿವೆಲ್ ಎಣಿಸುವುದು ಅವಳದು. "ಅಪ್ಪಾ, ಎರಡ್ ಗಂಟಿನ್ದರಾಗ ಎರಡ ಅದಾವ" ಅಂತ ಹೇಳಿದರೆ ನಾನು ಮೂರನೆಯದನ್ನು ಪೋಣಿಸುತ್ತೇನೆ.

ಕೈಬಲೆಗೆ ಮಾತ್ರ ಜಾಗವಾಗಿಲ್ಲ. ಅದರ ಬಳೆ ಒಂದೂವರೆ ಅಡಿ, ಮಾಡಕ್ಕೂ ಹಿಡಿಯದು, ಮೊಳೆಗೆ ಹಾಕಿದರೆ ಬಾಗಿಲಿಗೆ ತಾಗುತ್ತದೆ. ಬಳೆಯನ್ನು ನಡುವೆ ಕತ್ತರಿಸಿ ಎರಡು ಕಡೆ ತಿರುಗಣಿ ಕೂರಿಸಿದರೆ ಮಡಚಬಹುದು ಅನ್ನಿಸಿತು. ಮೊನ್ನೆ ಅದನ್ನು ವೆಲ್ಡಿಂಗ್ ಅಂಗಡಿಯಲ್ಲಿ ಕೊಟ್ಟು ಬಂದಿದ್ದೇನೆ, ಸೋಮವಾರ ಬಾ ಅಂದಿದ್ದಾರೆ.