ಊಟದ ಮನೆ ಸೀಲಿಂಗಿನ ಕಲೆಯಿಂದ ಶುರುವಾದ ಬಾತ್‌ರೂಮ್ ಕೆಲಸ

ನಮ್ಮ ಮನೆ ಮೈಸೂರಿನ ಕುವೆಂಪುನಗರದಲ್ಲಿದೆ. ಮಾವ 1994ರಲ್ಲಿ ಕಟ್ಟಿಸಿದ್ದು. ಮೂರು ವರ್ಷದ ಹಿಂದೆ ಊಟದ ಮನೆಯ ಸೀಲಿಂಗ್‌ನಲ್ಲಿ ತಟ್ಟೆಯಗಲದ ಒಂದು ಕಲೆ ಕಾಣಿಸಿತು. ಮೊದಲು ಪೇಂಟ್ ಉಬ್ಬಿತು. ಆಮೇಲೆ ಬಿಳಿ ಉಪ್ಪಿನಂಥ ಪುಡಿ ಉದುರತೊಡಗಿತು. ಅತ್ತೆ ಊಟಕ್ಕೆ ಕೂರುವ ಜಾಗವನ್ನೇ ಬದಲಿಸಿಕೊಂಡರು. ಆ ಕಲೆಯ ನೇರ ಮೇಲೆ ನಮ್ಮ ಮಹಡಿಯ ಬಾತ್‌ರೂಮ್.

ಎರಡು ಸಲ ನಾವು ತಪ್ಪು ಜಾಗಕ್ಕೆ ದುಡ್ಡು ಹಾಕಿದೆವು. ಮೊದಲ ಸಲ ಸೀಲಿಂಗ್ ಕೆರೆದು, ಪುಟ್ಟಿ ಹಚ್ಚಿ, ಪೇಂಟ್ ಹೊಡೆಸಿದೆವು. ನಾಲ್ಕೇ ತಿಂಗಳು, ಕಲೆ ವಾಪಸ್ ಬಂತು. ಎರಡನೇ ಸಲ ಮೇಲಿನ ಟೈಲ್ಸ್ ಸಂದಿಗಳಿಗೆಲ್ಲ ಬಿಳಿ ಸಿಮೆಂಟ್ ತುಂಬಿಸಿದೆವು. ಅದೂ ವರ್ಷ ನಿಲ್ಲಲಿಲ್ಲ.

ಮೂರನೇ ಸಲ ಯಾರನ್ನೂ ಕರೆಸುವ ಮೊದಲು ನೀರು ಎಲ್ಲಿಂದ ಇಳಿಯುತ್ತಿದೆ ಅಂತ ನಾನೇ ಹುಡುಕಲು ಕೂತೆ. ಬಾತ್‌ರೂಮಿನಲ್ಲಿ ನೀರು ಸೋರಲು ಇರುವುದು ಮೂರು ದಾರಿ. ನೀರು ಬರುವ ಪೈಪು, ನೀರು ಹೋಗುವ ಪೈಪು, ಇಲ್ಲಾ ನೆಲ. ಹತ್ತು ದಿನ ಎಲ್ಲರೂ ಕೆಳಗಿನ ಬಾತ್‌ರೂಮನ್ನೇ ಬಳಸಿದೆವು. ಮೇಲಿನ ಪೈಪುಗಳಲ್ಲಿ ನೀರು ತುಂಬಿಯೇ ಇತ್ತು, ನಲ್ಲಿ ಮಾತ್ರ ತಿರುಗಿಸಲಿಲ್ಲ. ದಿನಾ ರಾತ್ರಿ ಏಣಿ ಹತ್ತಿ ಕಲೆಯ ಅಂಚಿಗೆ ಪೆನ್ಸಿಲ್ ಗೆರೆ ಎಳೆಯುತ್ತಿದ್ದೆ. ಐದಾರು ದಿನ ಕಲೆ ಒಂಚೂರೂ ಕುಗ್ಗಲಿಲ್ಲ. ನೀರು ಬರುವ ಪೈಪೇ ಒಡೆದಿದೆ ಅಂದುಕೊಂಡೆ. ಏಳನೇ ದಿನದಿಂದ ಅದು ನಿಧಾನವಾಗಿ ಒಣಗತೊಡಗಿತು. ಅಂದರೆ ಆ ಪೈಪಿನದು ತಪ್ಪಲ್ಲ. ಪೈಪು ಸೋರುತ್ತಿದ್ದರೆ ನಾವು ಬಳಸಲಿ ಬಿಡಲಿ, ಒದ್ದೆ ಹಾಗೇ ಇರುತ್ತಿತ್ತು.

ಆಮೇಲೆ ನೆಲದ ನೀರು ಹೊರಗೆ ಹೋಗುವ ತೂತಿನ, ಅಂದರೆ ನಹಾನಿ ಟ್ರ್ಯಾಪ್‌ನ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಬಟ್ಟೆ ತುರುಕಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿದೆ. ಎರಡನೇ ದಿನಕ್ಕೆ ನೀರು ಅರ್ಧಕ್ಕೆ ಇಳಿದಿತ್ತು. ಕೆಳಗೆ ಕಲೆ ಮತ್ತೆ ಕಪ್ಪಾಗಿತ್ತು. ಬಾಯಿ ಮುಚ್ಚಿದ್ದರಿಂದ ನೀರು ಹೋಗುವ ಪೈಪಿಗೆ ನೀರು ಇಳಿದಿರಲಿಲ್ಲ, ಹಾಗಾಗಿ ನೆಲ ಸೋರುತ್ತಿರುವುದು ಅಲ್ಲಿಗೆ ಖಚಿತವಾಯಿತು.

ಮೊದಲ ಐದಾರು ದಿನ ಯಾಕೆ ಒಣಗಲಿಲ್ಲ ಅಂತ ನೆಲ ಒಡೆದ ದಿನ ಗೊತ್ತಾಯಿತು. ಮಹಡಿ ಬಾತ್‌ರೂಮಿನ ಸ್ಲ್ಯಾಬನ್ನು ಸುಮಾರು ಒಂದಡಿ ತಗ್ಗಿಸಿ ಹಾಕಿರುತ್ತಾರೆ. ಇದಕ್ಕೆ ಸಂಕನ್ ಅಂತಾರೆ. ಅದರೊಳಗೆ ಪೈಪು ಹಾಯಿಸಿ, ಇಟ್ಟಿಗೆ ಚೂರು ತುಂಬಿ, ಮೇಲೆ ಟೈಲ್ಸ್. ನಮ್ಮಲ್ಲಿ ಆ ಇಟ್ಟಿಗೆ ಚೂರುಗಳು ಕೈಯಲ್ಲಿ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿದ್ದವು. ವರ್ಷಗಟ್ಟಲೆ ಸ್ನಾನದ ನೀರು ಟೈಲ್ಸ್ ಸಂದಿಯಿಂದ ಇಳಿದು ಆ ಗುಂಡಿಯಲ್ಲಿ ತುಂಬಿಕೊಂಡು, ನಾವು ಬಳಸದಿದ್ದಾಗಲೂ ಕೆಳಗೆ ಜಿನುಗುತ್ತಿತ್ತು. ನಹಾನಿ ಟ್ರ್ಯಾಪ್‌ನ ಸುತ್ತ ಹಾಕಿದ್ದ ಸಿಮೆಂಟ್ ಬಿರುಕು ಬಿಟ್ಟಿತ್ತು. ಟೈಲ್ಸ್ ಸಂದಿ ತೆರೆದುಕೊಂಡಿದ್ದಕ್ಕೆ ನಾನೂ ಕಾರಣ. ವಾರ ವಾರ ಆಸಿಡ್ ಹಾಕಿ ಉಜ್ಜುತ್ತಿದ್ದೆ. ಆಸಿಡ್ ಟೈಲ್ಸಿಗಿಂತ ಮೊದಲು ತಿನ್ನುವುದು ಸಂದಿಯ ಸಿಮೆಂಟನ್ನು. ಈಗ ನಮ್ಮ ಮನೆಯಲ್ಲಿ ಆಸಿಡ್ ಬಾಟಲಿಯೇ ಇಲ್ಲ.

ಒಡೆದ ಮೇಲೆ ಗುಂಡಿಯನ್ನು ಖಾಲಿ ಮಾಡಿ, ತೊಳೆದು, ಎಂಟು ದಿನ ಒಣಗಲು ಬಿಟ್ಟೆವು. ಮೂಲೆಗಳಲ್ಲಿ ಗಾರೆಯನ್ನು ದುಂಡಗೆ ಮಾಡಿಸಿದೆವು, ಯಾಕೆಂದರೆ ನೇರ ಮೂಲೆಯಲ್ಲೇ ಮೊದಲು ಬಿರುಕು ಬರುವುದು. ಆಮೇಲೆ ವಾಟರ್‌ಪ್ರೂಫಿಂಗ್. ಸಿಮೆಂಟಿಗೆ ಪಾಲಿಮರ್ ದ್ರವ ಕಲಸಿ ಎರಡು ಕೋಟ್. ಮೊದಲನೆಯದು ಉದ್ದಕ್ಕೆ, ಅದು ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ. ಶವರ್ ಇರುವ ಗೋಡೆಗೆ ಆರಡಿ ಎತ್ತರ, ಉಳಿದ ಕಡೆ ಒಂದಡಿ.

ಮೂರು ದಿನ ನೀರು ನಿಲ್ಲಿಸಿ ನೋಡೋಣ ಅಂದೆ. "ಅಕ್ಕಾ, ಮೂರು ದಿನ ನೀರು ನಿಲ್ಲಿಸಿದ್ರೆ ನಮ್ಮ ಕೂಲಿ ಏನಾಗ್ಬೇಕು?" ಅಂದರು ಮೇಸ್ತ್ರಿ. ಅವರ ಮಾತು ನ್ಯಾಯವಾದದ್ದೇ. ಆ ಮೂರು ದಿನಕ್ಕೆ ಕಾಂಪೌಂಡ್ ಗೋಡೆಯ ಪ್ಲಾಸ್ಟರಿಂಗ್ ಕೆಲಸ ಕೊಟ್ಟೆ. ಗುಂಡಿಯಲ್ಲಿ ನೀರು ತುಂಬಿಸಿ ಮಟ್ಟಕ್ಕೆ ಗುರುತು ಹಾಕಿದೆ. ಎರಡನೇ ದಿನ ಸಂಜೆ ಕೆಳಗೆ, ಪೈಪು ಹಾದುಹೋಗುವ ಮೂಲೆಯಲ್ಲಿ, ನಾಣ್ಯದಷ್ಟು ಒದ್ದೆ. ಮೇಸ್ತ್ರಿಗೂ ತೋರಿಸಿದೆ. ಅವರು ಒಂದು ಮಾತೂ ಆಡದೆ ನೀರು ತೆಗೆಸಿ, ಪೈಪಿನ ಸುತ್ತ ಕೆತ್ತಿ, ಒಣಗಿದಾಗ ಕುಗ್ಗದ ಗ್ರೌಟ್ (ಸಂದಿ ತುಂಬುವ ಗಾರೆ) ತುಂಬಿ, ಮತ್ತೆ ಎರಡು ಕೋಟ್ ಹೊಡೆದರು. ಮತ್ತೆ ಮೂರು ದಿನ ನೀರು. ಈ ಸಲ ಕೆಳಗೆ ಒಣ. ಅಂದು ಆ ನೀರು ನಿಲ್ಲಿಸದೆ ಟೈಲ್ಸ್ ಹಾಕಿದ್ದರೆ ಆ ನಾಣ್ಯದಗಲ ಒದ್ದೆ ಇನ್ನೆರಡು ವರ್ಷಕ್ಕೆ ಮತ್ತೆ ತಟ್ಟೆಯಗಲ ಆಗುತ್ತಿತ್ತು. ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತೆ.

ಹೇಗೂ ಒಡೆದಿದ್ದೇವೆ ಅಂತ ಗೋಡೆಯೊಳಗಿನ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳನ್ನೂ ತೆಗೆಸಿದೆವು. ಒಳಗೆ ತುಕ್ಕು ಕಟ್ಟಿ ಪೆನ್ಸಿಲ್ ಕೂಡ ತೂರದಷ್ಟು ಕಿರಿದಾಗಿದ್ದವು. ಶವರಿನಲ್ಲಿ ನೀರು ಸಣ್ಣಗೆ ಬರುತ್ತಿದ್ದದ್ದು ಇದಕ್ಕೇ. ಬಿಸಿನೀರಿಗೂ ತಾಳುವ ಸಿಪಿವಿಸಿ ಅನ್ನುವ ಪ್ಲಾಸ್ಟಿಕ್ ಪೈಪು ಹಾಕಿಸಿ, ಗೋಡೆ ಮುಚ್ಚುವ ಮೊದಲು ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿದೆವು. ಪೈಪುಗಳ ಪಕ್ಕ ಅಳತೆ ಟೇಪ್ ಹಿಡಿದು ಒಂದೊಂದು ಗೋಡೆಯ ಫೋಟೋ ತೆಗೆದಿಟ್ಟೆ. ಮುಂದೆ ಟವೆಲ್ ರಾಡಿಗೆ ಡ್ರಿಲ್ ಹಾಕುವಾಗ ಆ ಫೋಟೋ ನೋಡಿಯೇ ಹಾಕಿಸಿದ್ದು.

ಟೈಲ್ಸ್ ಅಂಗಡಿಯಲ್ಲಿ ಎರಡಡಿ ಚೌಕದ ಹೊಳೆಯುವ ಟೈಲ್ಸ್ ತೋರಿಸಿದರು. ಚೆನ್ನಾಗೇ ಇದ್ದವು. ಆದರೆ ನೆಲಕ್ಕೆ ಒಂದಡಿಯ, ಮ್ಯಾಟ್ ಟೈಲ್ಸೇ ತಗೊಂಡೆ. ಎರಡಡಿಯಷ್ಟು ದೊಡ್ಡ ಟೈಲ್ ನಾಲ್ಕೂ ಕಡೆಯಿಂದ ಟ್ರ್ಯಾಪ್ ಕಡೆಗೆ ಇಳಿಜಾರಿಗೆ ಬಗ್ಗುವುದಿಲ್ಲ ಅಲ್ವಾ? ಅಂಗಡಿಯಲ್ಲೇ ಟೈಲ್ ಮೇಲೆ ನೀರು ಚೆಲ್ಲಿಸಿ ಬರಿಗಾಲಲ್ಲಿ ಉಜ್ಜಿ ನೋಡಿದೆ. ಅತ್ತೆಗೆ 74 ವರ್ಷ, ಅವರೂ ಆಗಾಗ ಮೇಲೆ ಬರುತ್ತಾರೆ. ಇಳಿಜಾರು ಆರು ಅಡಿಗೆ ಒಂದು ಇಂಚಿನಂತೆ. ಸಂದಿಗೆ ಎಪಾಕ್ಸಿ ಗ್ರೌಟ್, ಅಂದರೆ ಸಿಮೆಂಟಿನ ಬದಲು ರಾಳದಿಂದ ಮಾಡಿದ್ದು. ದುಬಾರಿ, ಆದರೆ ಸಿಮೆಂಟಿನಂತೆ ನೀರು ಹೀರುವುದಿಲ್ಲ.

ಗೀಸರ್ ಹಳೆಯದೇ. ನಮಗೆ ಬೋರ್‌ವೆಲ್ ನೀರೂ ಸೇರುವುದರಿಂದ ಒಳಗೆ ಸುಣ್ಣ ಕಟ್ಟುತ್ತೆ, ಹಾಗಾಗಿ ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸುತ್ತೇವೆ.

ಕೆಲಸ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಖರ್ಚು 1,70,000 ರೂಪಾಯಿ. ಅದರಲ್ಲಿ ಕಣ್ಣಿಗೆ ಕಾಣುವ ಟೈಲ್ಸಿಗೆ ಹೋದದ್ದು 14,000 ಮಾತ್ರ.

ಸೀಲಿಂಗಿಗೆ ತಕ್ಷಣ ಪೇಂಟ್ ಹೊಡೆಸಲಿಲ್ಲ. ಕಾಂಕ್ರೀಟಿನೊಳಗಿನ ತೇವ ಆರಲು ತಿಂಗಳುಗಳೇ ಬೇಕು. ಅತ್ತೆ ದಿನಾ ಕೇಳುತ್ತಿದ್ದರು, "ಯಾವಾಗಮ್ಮ ಬಣ್ಣ?" ಒಂದು ಪೂರ್ತಿ ಮಳೆಗಾಲ ಬಿಟ್ಟು, ಪೆನ್ಸಿಲ್ ಗೆರೆ ದಾಟಿ ಒದ್ದೆ ಬರಲಿಲ್ಲ ಅಂತ ಖಾತ್ರಿ ಮಾಡಿಕೊಂಡು, ದೀಪಾವಳಿಗೆ ಹೊಡೆಸಿದೆವು. ಅತ್ತೆ ಈಗ ಮತ್ತೆ ತಮ್ಮ ಹಳೆಯ ಜಾಗದಲ್ಲೇ ಊಟಕ್ಕೆ ಕೂರುತ್ತಾರೆ.