ಹಳೇ ಪೇಟೆಬೀದಿ ಹೊಸದಾಗಬೇಕಾದರೆ ಅಂಗಡಿ ಹೊಸ್ತಿಲಿನಿಂದ ಶುರುಮಾಡಿ

ಕೆಂಗೇರಿ, ಯಲಹಂಕ, ಕೆ.ಆರ್. ಪುರ ಇವಕ್ಕೆಲ್ಲ 2007ರಲ್ಲಿ ಬಿಬಿಎಂಪಿ ಆಗುವವರೆಗೂ ತಮ್ಮದೇ ಪುರಸಭೆ, ನಗರಸಭೆ ಇತ್ತು. ಬೆಂಗಳೂರಿನೊಳಗೆ ಸೇರಿಹೋದ ಮೇಲೂ ಇಂಥ ಊರುಗಳ ನಡುವಿನ ಪೇಟೆಬೀದಿ ಊರಿನದಾಗಿಯೇ ಉಳಿಯುತ್ತದೆ: ದೇವಸ್ಥಾನ, ಬಸ್ ಸ್ಟಾಪು, ದಿನಸಿ ಅಂಗಡಿಗಳ ಸಾಲು, ಅದರ ಮುಂದೆ ಹೂವು, ಸೊಪ್ಪಿನವರು. ಇಂಥ ಬೀದಿಗಳ ಮರುವಿನ್ಯಾಸ ನಮ್ಮ ಕೆಲಸ. ಕಂಪ್ಯೂಟರಿನಲ್ಲಿ ಬಿಡಿಸಿದ ಚೆಂದದ ಚಿತ್ರ ತೋರಿಸಿ ಒಪ್ಪಿಗೆ ಪಡೆಯುವುದು ಸುಲಭ. ಆದರೆ ಕೆಲಸ ಕೆಡುವುದು ರಸ್ತೆ, ಹೊಸ್ತಿಲುಗಳ ಎತ್ತರ-ತಗ್ಗಿನಲ್ಲಿ, ಅಂದರೆ ಲೆವೆಲ್‌ನಲ್ಲಿ.

ಡಾಂಬರು ಹಾಕಿದಾಗಲೆಲ್ಲ ಹಳೆಯದನ್ನು ಕೆರೆಯದೆ ಅದರ ಮೇಲೇ 30–40 ಮಿ.ಮೀ. ಪದರ ಎಳೆಯುತ್ತಾರೆ. ಐದಾರು ಸಲ ಹೀಗಾದರೆ ರಸ್ತೆ ಒಂದು ಮೆಟ್ಟಿಲಿನಷ್ಟು ಏರಿ, ಮಳೆನೀರು ಅಂಗಡಿಗೆ ನುಗ್ಗುತ್ತದೆ. ಹಾಗಾಗಿ ನಮ್ಮ ಮೊದಲ ಸರ್ವೆ ಪ್ರತಿ ಅಂಗಡಿಯ ಹೊಸ್ತಿಲಿನದು. ಫುಟ್‌ಪಾತ್ 4.8 ಮೀಟರ್ ಅಗಲವಿದ್ದರೆ, ಶೇ. 2 ಇಳಿಜಾರಿಗೆ 96 ಮಿ.ಮೀ., ಕರ್ಬ್ (ಅಂಚುಗಲ್ಲು) ಎತ್ತರ 150 ಮಿ.ಮೀ.; ಅಂದರೆ ರಸ್ತೆಯ ಅಂಚು ಹೊಸ್ತಿಲಿಗಿಂತ 246 ಮಿ.ಮೀ. ಕೆಳಗಿರಬೇಕು. 3.5 ಮೀಟರ್ ಲೇನಿಗೆ ಶೇ. 2.5 ಇಳಿಜಾರು ಕೊಟ್ಟರೆ ರಸ್ತೆಯ ನಡು ಭಾಗ ಸುಮಾರು 88 ಮಿ.ಮೀ. ಮೇಲೇರುತ್ತದೆ. ಹೊಸ್ತಿಲಿಗೂ ರಸ್ತೆಗೂ ಇಷ್ಟು ಎತ್ತರದ ಅಂತರ ಸಿಗದಿದ್ದರೆ ಹಳೇ ಡಾಂಬರು ಕೆರೆದು ತೆಗೆಯಲೇಬೇಕು, ಅದನ್ನು ಎಸ್ಟಿಮೇಟಿನಲ್ಲೇ ಸೇರಿಸಿ. ಪಕ್ಕಪಕ್ಕದ ಅಂಗಡಿಗಳ ಹೊಸ್ತಿಲು 300 ಮಿ.ಮೀ. ಹೆಚ್ಚುಕಡಿಮೆ ಇದ್ದರೆ ಇನ್ನೊಂದು ತಲೆನೋವು: 1:20 ಇಳಿಜಾರಿನಲ್ಲಿ ಅದನ್ನು ಸರಿದೂಗಿಸಲು 6 ಮೀಟರ್ ಉದ್ದ ಬೇಕು, ಆದರೆ ಅಂಗಡಿಯ ಅಗಲವೇ 3 ಮೀಟರ್. ಅಲ್ಲಿ ಮೆಟ್ಟಿಲನ್ನು ಅಂಗಡಿಯೊಳಕ್ಕೆ ಸರಿಸಲು ಮಾಲೀಕರನ್ನು ಒಪ್ಪಿಸದೆ ಬೇರೆ ದಾರಿಯಿಲ್ಲ. ಕಾಮಗಾರಿ ಆದೇಶ ಬಂದಮೇಲೆ ಈ ಮಾತು ತೆಗೆದರೆ ಯಾರೂ ಕೇಳುವುದಿಲ್ಲ, ನಕ್ಷೆಯ ಹಂತದಲ್ಲೇ ಮುಗಿಸಬೇಕು.

ಇನ್ನು ಅಗಲ. ಗೋಡೆಯಿಂದ ಗೋಡೆಗೆ 15 ಮೀಟರ್ ಇದೆ ಅನ್ನಿ. ಬಸ್ಸು ಎದುರುಬದುರು ಹೋಗಲು 7 ಮೀಟರ್ ಸಾಕು, ಅದು ಬೀದಿಯುದ್ದಕ್ಕೂ ಒಂದೇ ಸಮ ಇರಬೇಕು. ಎಲ್ಲಿ ಅಗಲವಾಯಿತೋ ಅಲ್ಲಿ ಕಾರು ನಿಂತಿತು. ಉಳಿದ 8 ಮೀಟರನ್ನು ಎರಡೂ ಬದಿಗೆ ಸಮನಾಗಿ ಹಂಚುವುದು ಎಲ್ಲರ ಅಭ್ಯಾಸ, ನಾವು ಹಂಚುವುದಿಲ್ಲ. ಉತ್ತರ-ದಕ್ಷಿಣದ ಬೀದಿಯಲ್ಲಿ ಸಂಜೆಯ ನೆರಳು ಪಶ್ಚಿಮದ ಸಾಲಿನ ಅಂಗಡಿಗಳ ಮುಂದೆ ಬೀಳುತ್ತದೆ. ತಳ್ಳುಗಾಡಿಗಳು ತಾವಾಗಿಯೇ ಅಲ್ಲಿ ಸೇರುತ್ತವೆ. ಆ ಬದಿಗೆ 4.8 ಮೀಟರ್: ಅಂಗಡಿ ಮುಂದೆ ಸಾಮಾನು ನೋಡುವವರಿಗೆ 0.5, ನಡೆಯಲು 2.5, ಗಾಡಿಗೂ ಅದರ ಗಿರಾಕಿಗೂ 1.8. ಎದುರು ಬದಿಗೆ 3.2: ಅದರಲ್ಲಿ ನಡೆಯಲು 1.8, ಕಂಬ-ಮರಗಳಿಗೆ 0.9. ಗಾಡಿಗೆ ಮಾತ್ರ ಜಾಗ ಲೆಕ್ಕಹಾಕಿ ಗಿರಾಕಿಯನ್ನು ಮರೆತ ನಕ್ಷೆಗಳೇ ಹೆಚ್ಚು. ಆಗ ಚೌಕಾಸಿ ಮಾಡುವವರು ನಡೆಯುವ ದಾರಿಯಲ್ಲೇ ನಿಲ್ಲುತ್ತಾರೆ.

ಬೀದಿ ವ್ಯಾಪಾರಿಗಳ ಲೆಕ್ಕ ಹಗಲು ಹನ್ನೊಂದಕ್ಕೆ ಹೋಗಿ ತೆಗೆಯುವಂಥದ್ದಲ್ಲ. ಬೆಳಗಿನ ಜಾವದ ಹೂವಿನವರು ಬೇರೆ, ಸಂಜೆಯ ಚುರುಮುರಿಯವರು ಬೇರೆ, ಸಂತೆಯ ದಿನದವರೇ ಬೇರೆ. ಒಂದೇ ಜಾಗ ಎರಡು ಹೊತ್ತಿಗೆ ಇಬ್ಬರದಾಗಿರುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಐವತ್ತು ವರ್ಷಕ್ಕೂ ಹಳೆಯ ಸಂತೆಯಾದರೆ ಅದಕ್ಕೆ ಪಾರಂಪರಿಕ ಮಾರುಕಟ್ಟೆಯ ರಕ್ಷಣೆಯಿದೆ, ಬೇರೆಡೆಗೆ ಕಳಿಸುವಂತಿಲ್ಲ.

ಅಗೆಯುವ ಮುನ್ನ ಕೈಯಿಂದ 1 ಮೀಟರ್ ಚೌಕದ ಪರೀಕ್ಷಾ ಗುಂಡಿ ತೋಡಿಸಿ. ಇಲಾಖೆಯ ನಕ್ಷೆಯಲ್ಲಿರುವ ಪೈಪು ಅಲ್ಲಿರುವುದಿಲ್ಲ, ಇಲ್ಲದ ಪೈಪು ಇರುತ್ತದೆ. ಹೋಟೆಲಿನ ಬಚ್ಚಲಿಗೆ ಬಣ್ಣದ ನೀರು ಸುರಿದರೆ ಅದು ಯುಜಿಡಿಗೆ (ಒಳಚರಂಡಿಗೆ) ಹೋಗುತ್ತದೋ ಮಳೆನೀರಿನ ಚರಂಡಿಗೋ ಗೊತ್ತಾಗುತ್ತದೆ. ಚರಂಡಿಗೆ ಹೋಗುತ್ತಿದ್ದರೆ ಮೊದಲು ಆ ಸಂಪರ್ಕ ಸರಿಪಡಿಸಿ, ಇಲ್ಲವಾದರೆ ಹೊಸ ಫುಟ್‌ಪಾತ್ ಅಡಿಯಿಂದ ನಾತ ಬರುತ್ತದೆ. ಆಳದ್ದನ್ನು ಮೊದಲು ಹಾಕಬೇಕು: ಯುಜಿಡಿ, ಆಮೇಲೆ ಮಳೆನೀರು, ಕುಡಿಯುವ ನೀರು, ಕೊನೆಗೆ ಕೇಬಲ್. 11 ಕೆ.ವಿ. ವಿದ್ಯುತ್ ಕೇಬಲಿಗೆ ಕನಿಷ್ಠ 0.9 ಮೀಟರ್ ಆಳ. ಪೈಪು-ಕೇಬಲ್ ಸಮೇತ ಹೊಸದಾಗಿ ಕಟ್ಟಿದ ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳಲ್ಲಿ ಮಾಡಿದಂತೆ ಇವೆಲ್ಲ ಫುಟ್‌ಪಾತ್ ಅಡಿಯಲ್ಲಿರಲಿ. ಜೊತೆಗೆ ಖಾಲಿ ಪೈಪುಗಳನ್ನೂ ಪ್ರತಿ ಅಡ್ಡರಸ್ತೆಯಲ್ಲಿ ರಸ್ತೆ ದಾಟಿಸಿ ಇಡಿ, ಮುಂದೆ ಬರುವ ಇಂಟರ್ನೆಟ್ ಕಂಪನಿಗಾಗಿ. ಮಣ್ಣು ತುಂಬುವಾಗ 200 ಮಿ.ಮೀ. ಮೀರದ ಪದರಗಳಲ್ಲಿ ದಮ್ಮಸ್ಸು ಮಾಡಿಸದಿದ್ದರೆ ಮೊದಲ ಮಳೆಗೇ ಕುಸಿಯುತ್ತದೆ.

ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಬಿಲ್ಲೆ) 60 ಮಿ.ಮೀ. ದಪ್ಪದ್ದು ನಡೆಯುವ ಜಾಗಕ್ಕೆ, ವಾಹನ ಒಳಹೋಗುವ ಗೇಟಿನ ಮುಂದೆ 80. ಗೇಟು ಬಂತೆಂದು ಫುಟ್‌ಪಾತನ್ನೇ ಇಳಿಸಬೇಡಿ, ರ‍್ಯಾಂಪ್ ಹೊರ ಅಂಚಿನಲ್ಲೇ ಮುಗಿಯಲಿ. ಬೈಕು ತಡೆಯಲು ಕಂಬ ನೆಡಿ ಎನ್ನುತ್ತಾರೆ. ಗಾಲಿಕುರ್ಚಿ ಹೋಗುವಷ್ಟು ಜಾಗ ಬಿಟ್ಟರೆ ಬೈಕೂ ಹೋಗುತ್ತದೆ, ಇದಕ್ಕೆ ಕಂಬದಲ್ಲಿ ಉತ್ತರವಿಲ್ಲ. ಬಸ್ಸು ನಿಲ್ಲಲು ರಸ್ತೆಯ ಬದಿಗೆ ಒಳಸರಿದ ಜಾಗ (ಬೇ) ಕೊಡಬೇಡಿ, ಅದು ಆಟೋ ಸ್ಟ್ಯಾಂಡ್ ಆಗುತ್ತದೆ. ಸ್ಟಾಪು ಜಂಕ್ಷನ್ ದಾಟಿದ ಮೇಲಿರಲಿ, ಆಟೋಗಳಿಗೆ ಅದರ ಮುಂದೆ ಬೇರೆ ಜಾಗ.

ಕೆಲಸವನ್ನು ಒಂದು ಸಲಕ್ಕೆ ಒಂದೇ ಬದಿ, 60–80 ಮೀಟರ್ ಉದ್ದಕ್ಕೆ ಹಿಡಿಯುತ್ತೇವೆ, ಡಿಸೆಂಬರಿನಿಂದ ಏಪ್ರಿಲ್ ಒಳಗೆ. ಗೌರಿ-ಗಣೇಶ, ದೀಪಾವಳಿಯ ಹೊತ್ತಿಗೆ ಅಂಗಡಿ ಮುಂದೆ ಗುಂಡಿ ಇದ್ದರೆ ವ್ಯಾಪಾರಿಗಳ ಸಹಕಾರ ಅಲ್ಲಿಗೆ ಮುಗಿಯಿತು. ಮೇಲಾಗಿ ಬೆಂಗಳೂರಿನ ಜೋರು ಮಳೆಯೂ ಸೆಪ್ಟೆಂಬರ್-ಅಕ್ಟೋಬರಿನಲ್ಲೇ. ಗುತ್ತಿಗೆದಾರನ ಕೊನೆಯ ಬಿಲ್ಲಿಗೆ ಸಹಿ ಹಾಕುವ ಮುಂಚೆ, ನಿಜವಾಗಿ ಹೂತ ಪೈಪು, ಕೇಬಲ್, ಚೇಂಬರುಗಳ (ಅವನ್ನು ನೋಡಲು, ರಿಪೇರಿ ಮಾಡಲು ಬಿಟ್ಟ ಮುಚ್ಚಳದ ಗುಂಡಿಗಳ) ನಕ್ಷೆಯನ್ನು ಆಳದ ಸಮೇತ ಪಡೆದು, ಚೇಂಬರುಗಳ ಮುಚ್ಚಳ ಒಂದೊಂದನ್ನೂ ತೆರೆಸಿ ನೋಡಿ. ಪೇವರಿನಡಿ ಮುಚ್ಚಿಹೋದವು ಒಂದೆರಡಾದರೂ ಸಿಗುತ್ತವೆ.